ಸೂರಿನಿಂದ ಮಾಯವಾದ ಕಲ್ಲುಮುದುಕ

ಬೆಳಗಿನ ಪೂಜೆ ಮುಗಿಸಿ ಹೊರಬಂದ ಫಾದರ್ ಆನ್ಸೆಲ್ಮ್ ಚರ್ಚಿನ ಸೂರಿನತ್ತ ನೋಡಿ ಹೌಹಾರಿದರು. ಸಾಲುಗಟ್ಟಿದ ಕಲ್ಲುಮೂತಿಗಳ ನಡುವೆ ಒಂದು ಜಾಗ ಖಾಲಿ! ದಪ್ಪ ಮೂಗಿನ ಮುದುಕ ಮಾಯ.

ಇನ್‌ಸ್ಪೆಕ್ಟರ್ ಓಡೀಲ್ ಬರುವಷ್ಟರಲ್ಲಿ ನಮ್ಮ ಬರ್ಗಂಡಿಯ ಪುಟ್ಟ ಊರು ಕಳ್ಳನನ್ನು ತೀರ್ಮಾನಿಸಿಯಾಗಿತ್ತು. ಸಾರುವೆ ಕಟ್ಟಿ ಸೂರು ರಿಪೇರಿ ಮಾಡುತ್ತಿದ್ದ ಗ್ರೆಗ್ವಾರ್.

"ರಿಪೇರಿಗಂತ ಗಾರೆ ಕೆರೆದು ಆ ಕಲ್ಲು ಸಡಿಲ ಮಾಡಿದ್ದು ನಾನೇ ಮೇಡಂ. ಕದ್ದಿಲ್ಲ. ಫಾದರ್ ಕೆಲಸ ನಿಲ್ಲಿಸು ಅಂದ್ಬಿಟ್ರು. ಇನ್ಯಾವ ಚರ್ಚಿನವರು ನನ್ನ ಕರೀತಾರೆ?"

"ನಿನ್ನೆ ಕೆಳಗಿಳಿದಿದ್ದೆಯಾ?"

"ಮಧ್ಯಾಹ್ನ, ಫಾದರ್ ಮನೇಲಿ ಊಟಕ್ಕೆ. ಬಂದವನೇ ಮೋಡ ನೋಡಿ ಟಾರ್ಪಾಲು ಹೊದಿಸಿದೆ. ಮುದುಕನ ಕಡೆ ನೋಡ್ಲೇ ಇಲ್ಲ."

\* \* \*

ಕೆಫೆಯಲ್ಲಿ ಹಳೆಸಾಮಾನಿನ ವ್ಯಾಪಾರಿ ಮಾರ್ಸೊ ಸಾಕ್ಷಿ ಹೇಳಲು ಕಾದಿದ್ದ.

"ಸಂಜೆ ಮಳೇಲಿ ಕಣ್ಣಾರೆ ನೋಡಿದೆ. ಮುದುಕನ ಬಾಯಿಂದ ನೀರು ಧೋ ಅಂತ ಸುರೀತಿತ್ತು. ಆಮೇಲೆ ಮೇಲಿದ್ದವನು ಗ್ರೆಗ್ವಾರ್ ಒಬ್ಬನೇ."

"ನಿಮ್ಮ ತಾತ ಸಿಕ್ಕಿದನೇನೋ ಮಾರ್ಸೊ?" ಕೆಫೆಯೊಡತಿ ಸಿಮೋನ್ ಕೂಗಿದಳು. ಎಲ್ಲರೂ ಗೊಳ್ಳೆಂದರು.

"ತಾತ?" ಓಡೀಲ್ ಹುಬ್ಬೇರಿಸಿದಳು.

"ಆ ಮುದುಕನದೂ ಇವನದೂ ಒಂದೇ ಮೂಗು ಮೇಡಂ! ಮುದುಕನ ಫೋಟೋ ಪೋಸ್ಟ್‌ಕಾರ್ಡಿಗೆ ಬೇರೆ ತೆಗೀತಾರಂತೆ. ಇನ್ನು ದೇಶಾನೇ ನೋಡುತ್ತೆ!"

ಮಾರ್ಸೊನ ಮೂಗು ಕೆಂಪಾಯಿತು. ಹೊರಗೆ ಮಳೆ ಶುರುವಾಯಿತು. ಓಡೀಲ್ ಎದ್ದಳು.

"ಎಲ್ಲರೂ ಚರ್ಚಿಗೆ ಬನ್ನಿ. ಮಾರ್ಸೊ, ನೀವು ಮುಂದೆ."

\* \* \*

ಓಡೀಲ್ ಸೂರಿನತ್ತ ಕೈ ತೋರಿದಳು. "ಅತ್ತ ನೋಡಿ, ಚೂಪು ಕಮಾನಿನ ಗಾಥಿಕ್ ಭಾಗ. ಅಲ್ಲಿನ ಮೂತಿಗಳ ಗಂಟಲಲ್ಲಿ ತೂತಿದೆ. ಮಳೆನೀರು ಉಗುಳೋದೇ ಅವುಗಳ ಕೆಲಸ. ಇತ್ತ ದುಂಡು ಕಮಾನಿನ ಹಳೇ ಭಾಗ. ಮುದುಕ ಇದ್ದದ್ದು ಇಲ್ಲಿ. ಇವು ಸೂರು ಹೊರೋ ಗಟ್ಟಿ ಕಲ್ಲುಗಳು, ತೂತೇ ಇಲ್ಲ. ಒಂದರ ಬಾಯಿಂದಲಾದ್ರೂ ಹನಿ ನೀರು ಬರ್ತಿದೆಯಾ?"

ಓಡೀಲ್ ಮಾರ್ಸೊನತ್ತ ತಿರುಗಿದಳು.

"ನೀವು ನೋಡೇ ಇಲ್ಲ. ಕಲ್ಲು ಸಂಜೇವರೆಗೂ ಇತ್ತು ಅಂತ ನಂಬಿಸಬೇಕಿತ್ತು, ಅಷ್ಟೇ. ಯಾಕಂದ್ರೆ ಅದು ಹೋದದ್ದು ಮಧ್ಯಾಹ್ನ. ಆಗ ಗ್ರೆಗ್ವಾರ್ ಫಾದರ್ ಎದುರಿಗೇ ಊಟಕ್ಕೆ ಕೂತಿದ್ದ. ಅವನ ಹಗ್ಗ, ರಾಟೆ ನಿಮ್ಮ ಕೈಗೆ ಸಿಕ್ಕಿತು. ಅಂಗಡಿ ಬೀಗ ತೆಗೀತೀರಾ?"

ಅಂಗಡಿಯ ಬೀರುವಿನಲ್ಲಿ ಕಂಬಳಿ ಹೊದ್ದು ಮುದುಕ ಮಲಗಿದ್ದ.

"ಸಾಕಾಗಿತ್ತು ಮೇಡಂ," ಮಾರ್ಸೊ ಗೊಣಗಿದ. "ಚಿಕ್ಕಂದಿನಿಂದ ಇದೇ ಗೇಲಿ."

"ಅದಕ್ಕೆ ಇವನ ಅನ್ನಕ್ಕೆ ಕಲ್ಲು ಹಾಕೋದಾ?" ಓಡೀಲ್ ಗ್ರೆಗ್ವಾರ್‌ನತ್ತ ಕೈ ತೋರಿದಳು.

ಮಾರ್ಸೊ ತಲೆತಗ್ಗಿಸಿದ. ಫಾದರ್ ಮುಖವೂ ಬಾಡಿತು. "ತಪ್ಪಾಯ್ತು ಗ್ರೆಗ್ವಾರ್. ನಾನೂ ನಿನ್ನನ್ನ ನಂಬಲಿಲ್ಲ."

"ಕ್ಷಮೆ ಆಮೇಲೆ ಕೇಳಿ ಫಾದರ್," ಗ್ರೆಗ್ವಾರ್ ನಗುತ್ತ ಮುದುಕನನ್ನು ಚರ್ಚಿನ ಬಳಿಗೆ ತಂದು ಹಗ್ಗಕ್ಕೆ ಕಟ್ಟಿ, ಸಾರುವೆ ಹತ್ತಿದ. "ಮೊದಲು ನೀವು, ಮಾರ್ಸೊ ಇಬ್ಬರೂ ಹಗ್ಗ ಹಿಡ್ಕೊಂಡು ಎಳೀರಿ!"

ಫಾದರ್ ನಿಲುವಂಗಿ ಎತ್ತಿ ಕಟ್ಟಿದರು.