ಟ್ರಂಕಿನಲ್ಲಿಟ್ಟ ವೈನ್

ಬಾಗಿಲು ತೆರೆದ ಶರ್ವರಿಯ ಕೈ ಚಿಲಕದ ಮೇಲೇ ನಿಂತುಬಿಟ್ಟಿತು.

ಎದುರಿಗೆ ಕುಶಲ!

ವರ್ಷದ ಹಿಂದೆ 'ನನ್ನನ್ನು ಮರೆತುಬಿಡು' ಎಂದು ಒಂದೇ ಸಾಲಿನ ಮೆಸೇಜ್ ಹಾಕಿ, ಫೋನ್ ನಂಬರನ್ನೂ ಬದಲಿಸಿ ಮಾಯವಾದವನು. ಸ್ವಲ್ಪ ಸೊರಗಿದ್ದಾನೆ. ಹುಬ್ಬಿನ ಮೇಲೆ ಅವಳು ನೋಡಿರದ ಗಾಯದ ಗುರುತು. ಉಳಿದಂತೆ ಅದೇ ಕಣ್ಣು...

ಅವನ ಹಿಂದೆ ಬಿಂದುಮಾಧವ ಹಲ್ಲು ಕಿರಿಯುತ್ತ ನಿಂತಿದ್ದ. ಶರ್ವರಿ ಫ್ರೆಂಚ್ ಕಲಿಸುವ ಸಂಸ್ಥೆಯಲ್ಲೇ ಅವನೂ ಮೇಷ್ಟ್ರು. ಇವತ್ತಿನ ಊಟಕ್ಕೆ ವೈನ್ ಬಗ್ಗೆ ತಿಳಿದವನೊಬ್ಬನನ್ನು ಕರೆತರುತ್ತೇನೆ ಎಂದಿದ್ದ. ಯಾರೆಂದು ಮಾತ್ರ ಬಾಯಿ ಬಿಟ್ಟಿರಲಿಲ್ಲ. ಮುರಿದದ್ದನ್ನು ಜೋಡಿಸುವ ಹುಮ್ಮಸ್ಸು ಅವನಿಗೆ. ಮುರಿದವರ ಪಾಡು ಅವನಿಗೇನು ಗೊತ್ತು!

ಕುಶಲ ತಲೆ ತಗ್ಗಿಸಿ ಚಪ್ಪಲಿ ಬಿಟ್ಟು ಒಳಗೆ ಬಂದ.

ಶರ್ವರಿಗೆ ಚುಚ್ಚಿದ್ದು ಅದೇ. ಮೊದಲೆಲ್ಲ ಈ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಲೇ, ಒಲೆಯ ಮೇಲೆ ಏನಿದೆ ಎಂದು ಹೇಳಿಬಿಡುತ್ತಿದ್ದ. ಒಮ್ಮೆಯೂ ತಪ್ಪುತ್ತಿರಲಿಲ್ಲ. ಇವತ್ತು ಅವಳ ಅಡುಗೆಯ ಘಮ ಲಿಫ್ಟಿನವರೆಗೂ ಹೋಗಿತ್ತು. ಅವನು ಏನೂ ಹೇಳಲಿಲ್ಲ.

'ಅಷ್ಟೂ ಬೇಡವಾದೆನೇ ನಾನು?'

ಫ್ರಾನ್ಸಿಗೆ ಹೋಗುವ ಮುಂಚೆ ನಾಲ್ಕು ಮಾತು ಕಲಿಯಲು ಅವಳ ತರಗತಿಗೆ ಬಂದ ಮೈಸೂರಿನ ಹುಡುಗ ಅವನು. ವೈನ್ ಮಾಡುವುದನ್ನು ಕಲಿತು ಬಂದು ನಾಸಿಕದ ಕಡೆ ಕೆಲಸಕ್ಕೆ ಸೇರಿದ. ಬರುವಾಗ ಬೋರ್ಡೋ ಸೀಮೆಯ ಒಂದು ಕೆಂಪು ವೈನ್ ತಂದು, ನಮ್ಮ ನಿಶ್ಚಿತಾರ್ಥದ ದಿನ ತೆರೆಯೋಣ ಎಂದು ಅವಳ ಕೈಗೆ ಕೊಟ್ಟ. ಆಮೇಲೆ ಆ ಮೆಸೇಜ್. ಫ್ರಾನ್ಸಿನಲ್ಲಿ ಯಾರೋ ಇದ್ದಾಳೆ ಎಂದು ಎಲ್ಲರೂ ಅಂದರು. ಶರ್ವರಿಯೂ ನಂಬಿದಳು.

ಇವತ್ತಿನ ಊಟದ ನಿಯಮವೆಂದರೆ ಗೆಳೆಯರೆಲ್ಲ ಫ್ರಾನ್ಸಿನ ಒಂದೊಂದು ಸೀಮೆಯ ಒಂದೊಂದು ಬಾಟಲಿ ತರಬೇಕು. ತಾಯಿ ತಾಯಮ್ಮನಿಂದ ಅನುಮತಿ ಪಡೆಯುವುದರೊಳಗೆ ಶರ್ವರಿಗೆ ಸಾಕುಸಾಕಾಗಿತ್ತು. ಬಿಜಾಪುರದ ಮನೂಕ ವ್ಯಾಪಾರಿಗಳ ಮನೆಯ ಹೆಣ್ಣುಮಗಳು ತಾಯಮ್ಮ. ಒಳ್ಳೆಯ ದ್ರಾಕ್ಷಿಯನ್ನು ಒಣಗಿಸಿ ಮಾರುವುದು ಬಿಟ್ಟು ಕೊಳೆಸಿ ಕುಡಿಯುವ ಜನರ ಬುದ್ಧಿಯ ಬಗ್ಗೆ ಅವಳಿಗೆ ಮೊದಲಿಂದಲೂ ಅನುಮಾನ. ಬಾಟಲಿಗಳು ಹಾಲ್ ದಾಟಿ ಅಡುಗೆಮನೆಗೆ ಬರಕೂಡದು ಎಂದು ಷರತ್ತು ಹಾಕಿ ತನ್ನ ಕೋಣೆ ಸೇರಿದ್ದಳು.

ಬಾಟಲಿಗಳನ್ನು ಬಿಂದುಮಾಧವ ತೆರೆದ. ಕುಶಲ ಆಲ್ಸಾಸ್‌ನ ಚಳಿ, ಬರ್ಗಂಡಿಯ ಸುಣ್ಣದ ಮಣ್ಣು, ಅಲ್ಲಿನ ರೈತರ ಜಿಪುಣತನ ಎಲ್ಲವನ್ನೂ ಸೊಗಸಾಗಿ ಹೇಳಿದ. ಜನ ನಕ್ಕರು. ತನ್ನ ಗ್ಲಾಸನ್ನು ಮಾತ್ರ ಅವನು ಸರಿಯಾಗಿ ಮುಟ್ಟಲಿಲ್ಲ. ಅವಳ ಕಡೆಗೂ ನೋಡಲಿಲ್ಲ.

ಶರ್ವರಿಗೆ ತಡೆಯಲಾಗಲಿಲ್ಲ. 'ಇವತ್ತೇ ಇತ್ಯರ್ಥವಾಗಲಿ... ಯಾಕೆ ಬಿಟ್ಟೆ ಎಂದು ಅವನು ಹೇಳಲೇಬೇಕು!' ನೇರವಾಗಿ ತಾಯಿಯ ಕೋಣೆಗೆ ಹೋಗಿ, ಎತ್ತಿಡಲು ಕೊಟ್ಟಿದ್ದ ಆ ಬೋರ್ಡೋ ಬಾಟಲಿ ಕೊಡು ಎಂದಳು. ತಾಯಮ್ಮ ಮಗಳ ಮುಖವನ್ನೊಮ್ಮೆ ನೋಡಿ, ಮಂಚದ ಕೆಳಗಿನ ಟ್ರಂಕಿನಿಂದ ಹಳೆಯ ಬಟ್ಟೆ ಸುತ್ತಿದ ಬಾಟಲಿ ತೆಗೆದು ಕೊಟ್ಟಳು. ಬಟ್ಟೆ ಗಪ್ಪನೆ ಡಾಂಬರ್ ಗುಳಿಗೆ ವಾಸನೆ ಹೊಡೆಯುತ್ತಿತ್ತು. ಶರ್ವರಿ ಅದನ್ನು ಕಿತ್ತೆಸೆದು, ಬಾಟಲಿಯನ್ನು ತಂದು ಕುಶಲನ ಮುಂದೆ ಇಟ್ಟಳು.

ಅವನ ಮುಖ ಬಿಳಿಚಿಕೊಂಡಿತು. ಆದರೂ ಬಿರಡೆ ತೆಗೆದ.

ಬಾಟಲಿ ತೆರೆದವನು ಮೊದಲು ತಾನು ಮೂಸಿ, ಒಂದು ಗುಟುಕು ಕುಡಿದು, ಕೆಟ್ಟಿಲ್ಲವೆಂದು ಖಾತ್ರಿಯಾದ ಮೇಲೇ ಮಂದಿಗೆ ಹಾಕಬೇಕು. ಈ ಪದ್ಧತಿಯನ್ನು ಅವಳಿಗೆ ಕಲಿಸಿದವನೂ ಅವನೇ. ಕುಶಲ ಗ್ಲಾಸನ್ನು ತಿರುವಿದ, ಮೂಗಿನ ಹತ್ತಿರ ಹಿಡಿದ, ಗುಟುಕರಿಸಿದ. ನೇರಳೆ ಹಣ್ಣಿನ ಘಮ ಇದೆ, ಹಿಂದೆಯೇ ದೇವದಾರು ಮರದ ವಾಸನೆ ಬರುತ್ತದೆ, ತುಂಬ ಚೆನ್ನಾಗಿ ಮಾಗಿದೆ ಎಂದು ಹೇಳಿ ಎಲ್ಲರಿಗೂ ಸುರಿದ.

ಬಿಂದುಮಾಧವ ಬಾಯಿಗಿಟ್ಟವನೇ ಬೇಸಿನ್ ಕಡೆ ಓಡಿದ.

"ನಮ್ಮಜ್ಜಿ ಟ್ರಂಕ್ ತೆಗದಂಗ ಅದಲೋ ಮಾರಾಯ," ಎಂದು ಅಲ್ಲಿಂದಲೇ ಕೂಗಿದ. ಉಳಿದವರು ಗ್ಲಾಸ್ ಮೂಸಿ ದೂರವಿಟ್ಟರು. ಗುಳಿಗೆಯ ವಾಸನೆ ಬಿರಡೆಯೊಳಗಿಂದ ಇಳಿದು ಇಡೀ ವೈನ್ ಹಿಡಿದುಬಿಟ್ಟಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಶರ್ವರಿ ನಗಲಿಲ್ಲ. ನಿಶ್ಚಿತಾರ್ಥದ ವೈನ್ ಅದು. ಕೆಟ್ಟಿದೆ ಎಂದು ತಿಳಿದೂ ಹೊಗಳಿ, ಮಂದಿಯ ಮುಂದೆ ಅವಳನ್ನು ಆಟ ಆಡಿಸಿದನಲ್ಲ! ಕಣ್ಣು ತುಂಬಿ ಬಂದವು. ಅಡುಗೆಮನೆಗೆ ನಡೆದಳು.

ಅವನು ಹಿಂದೆಯೇ ಬಂದ, ಕೈಯಲ್ಲಿ ಅದೇ ಗ್ಲಾಸ್.

"ನನ್ನ ನಗಿಪಾಟ್ಲು ಮಾಡಾಕ ಬಂದಿಯೇನು?"

"ಕೆಟ್ಟಿತ್ತಾ ಅದು?" ಕುಶಲ ಕೇಳಿದ.

ಆ ದನಿಯಲ್ಲಿ ಕುಚೋದ್ಯ ಇರಲಿಲ್ಲ, ಹೆದರಿಕೆ ಇತ್ತು. ಶರ್ವರಿ ಅವನ ಹುಬ್ಬಿನ ಮೇಲಿನ ಗುರುತು ನೋಡಿದಳು. ಗ್ಲಾಸ್ ಅವನ ಮೂಗಿನ ಕೆಳಗೇ ಇತ್ತು. ಹೊಸ್ತಿಲಲ್ಲಿ ಸುಮ್ಮನೆ ನಿಂತದ್ದು ನೆನಪಾಯಿತು.

"ಕುಶಲ... ನಿನಗ ವಾಸನಿ ಬರಂಗಿಲ್ಲೇನು?"

ಅವನು ಕಟ್ಟೆಗೆ ಒರಗಿ ನಿಂತ. ಲೋಣಾವಳಾ ಘಾಟಿನ ಮಳೆಯಲ್ಲಿ ಬೈಕ್ ಜಾರಿ ತಲೆಗೆ ಪೆಟ್ಟಾಗಿದ್ದು, ಎಚ್ಚರವಾದಾಗ ಆಸ್ಪತ್ರೆಯ ಫಿನಾಯಿಲ್ ಕೂಡ ಮೂಗಿಗೆ ತಿಳಿಯದೇ ಹೋಗಿದ್ದು, ನರವೇ ಹರಿದಿದೆ, ಇನ್ನು ಬರುವುದಿಲ್ಲ ಎಂದು ಡಾಕ್ಟರ್ ಅಂದಿದ್ದು ಎಲ್ಲವನ್ನೂ ನೆಲ ನೋಡುತ್ತಲೇ ಹೇಳಿದ. ಮೂಗಿಲ್ಲದವನಿಗೆ ವೈನಿನ ಕೆಲಸ ಎಲ್ಲಿಂದ ಬರಬೇಕು? ಮೈಸೂರಿನಲ್ಲಿ ಮಾವನ ಹಾರ್ಡ್‌ವೇರ್ ಅಂಗಡಿ ಸೇರುತ್ತಾನೆ. ನಾಳೆ ರೈಲು. ಹೋಗುವ ಮುಂಚೆ ಒಮ್ಮೆ ಅವಳನ್ನು ನೋಡಬೇಕೆನಿಸಿ ಬಿಂದುಮಾಧವನಿಗೆ ಫೋನ್ ಮಾಡಿದ್ದ.

"ನನಗ ಒಂದ್ ಮಾತ್ ಹೇಳ್ಬಾರದಿತ್ತೇನು?"

"ಹೇಳಿದ್ರೆ ನೀನು ಬಿಟ್ಟು ಹೋಗ್ತಿರ್ಲಿಲ್ಲ. ಅದೇ ಭಯ ಇತ್ತು." ಅವನು ಗ್ಲಾಸನ್ನೇ ತಿರುವುತ್ತ ನಿಂತ. "ಕೆಲಸ ಹೋಗಿದ್ದು ದೊಡ್ಡದಲ್ಲ ಶರ್ವರಿ... ಇವತ್ತು ಬಾಗಿಲಲ್ಲಿ ನಿಂತಾಗ ಯಾರದೋ ಮನೆ ಅನ್ನಿಸ್ತು. ನೀನು ಎದುರಿಗೇ ಇದ್ದೆ. ಫೋಟೋ ನೋಡಿದ ಹಾಗಿತ್ತು. ಈಗ್ಲೂ ನೀನಂದ್ರೆ ಪ್ರಾಣ. ಆದ್ರೆ ಹೀಗಿರೋನ ಜೊತೆ ಏನ್ ಬಾಳು ಮಾಡ್ತೀಯಾ?"

ಫೋಟೋ ಎಂಬ ಮಾತು ಎದೆಗೆ ನಾಟಿತ್ತು. ತಾನು ಎಷ್ಟು ಹತ್ತಿರ ಹೋದರೂ ಅವನಿಗೆ ದೂರವೇ! ಹರಿದ ನರವನ್ನು ಪ್ರೀತಿ ಹೊಲಿಯಲಾರದು, ಹೊಲಿಯುತ್ತದೆ ಎಂದು ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಇಬ್ಬರೂ ಅತ್ತರು.

ಬಾಗಿಲಲ್ಲಿ ತಾಯಮ್ಮ ಬಂದು ನಿಂತದ್ದು ಆಮೇಲೆ ಕಂಡಿತು. ಅವಳ ಕಣ್ಣು ಅವನ ಕೈಯ ಗ್ಲಾಸಿನ ಮೇಲಿತ್ತು. ಅಡುಗೆಮನೆಗೆ ಬಂದ ವೈನಿಗೆ ಅವಳೇನೂ ಅನ್ನಲಿಲ್ಲ.

"ತಪ್ಪ್ ನಂದವಾ. ನಿನ್ನ ಲಗ್ನಕ್ಕಂತ ತಂದ ಇಳಕಲ್ಲ ಸೀರಿ ಜೋಡಿ ಇದನ್ನೂ ಟ್ರಂಕಿನಾಗ ಇಟ್ಟಿದ್ದೆ," ಎಂದಳು. "ಅದೂ ಲಗ್ನದ್ದು, ಇದೂ ಲಗ್ನದ್ದು ಅಂತ."

ಅವಳು ತನ್ನ ಕೋಣೆಗೆ ಹೋದಳು. ಹಾಲಿನಲ್ಲಿ ಬಿಂದುಮಾಧವ ಯಾವುದೋ ಮರಾಠಿ ಜೋಕು ಹೇಳುತ್ತಿದ್ದ. ರೈಲಿನ ಟಿಕೆಟ್ ಇನ್ನೂ ಕುಶಲನ ಜೇಬಿನಲ್ಲೇ ಇತ್ತು. ಹೋದ ವಾಸನೆ ನಾಳೆಯೂ ಬರುವುದಿಲ್ಲ, ನಾಡಿದ್ದೂ ಬರುವುದಿಲ್ಲ.

ಅವನು ಗ್ಲಾಸನ್ನು ಅವಳ ಮುಂದೆ ಹಿಡಿದ.

"ಹೇಗಿದೆ ಹೇಳು, ಇದರ ವಾಸನೆ?"

ಶರ್ವರಿ ಕಣ್ಣೊರೆಸಿಕೊಂಡು ಮೂಸಿದಳು. "ನನ್ನ ಲಗ್ನದ ಸೀರಿ ವಾಸನಿ."

ಅವನು ಗ್ಲಾಸಿನೊಳಗೆ ನೋಡುತ್ತಲೇ ಇದ್ದ. "ದಿನಾ ಹೀಗೇ ಕೇಳ್ತಿರ್ತೀನಿ. ಒಂದಿನ ಬೇಜಾರಾಗತ್ತೆ ನಿಂಗೆ."

"ಬ್ಯಾಸರಾದ ದಿವಸ ಅದನ್ನೂ ಹೇಳ್ತೀನಿ." ಅವಳು ಗ್ಲಾಸ್ ತೆಗೆದು ಕೆಳಗಿಟ್ಟು ಅವನ ಕೈ ಹಿಡಿದಳು. "ಈಗ ಊಟಕ್ಕ ಬಾ. ಎಣ್ಣಿಗಾಯಿ ಮಾಡೀನಿ."