ಒಂದು ಸಂಸಾರಕ್ಕೆ ಒಂದೇ ಮನೆ

"ಯಾರು ಕಟ್ಟಿದ್ದು ಈ ಗೋಡೆ?"

ಅವಳು ಕೈಯೆತ್ತಿದಳು. ಬೆಳಗ್ಗೆಯಿಂದ ಸೊಂಟ ಬಗ್ಗಿಸಿ, ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಮಂಡಿಯೆತ್ತರ ಎಬ್ಬಿಸಿದ್ದ ಗೋಡೆ ಅದು. ಹೊಗಳುತ್ತಾರೆ ಎಂದುಕೊಂಡೇ ಕೈಯೆತ್ತಿದ್ದಳು, ಪಾಪ.

ಕೇಳಿದವನು ಗೋಡೆಯನ್ನೊಮ್ಮೆ ನೋಡಿದ. ಆಮೇಲೆ ಪಾದದಿಂದ ಮೆಲ್ಲಗೆ ಒತ್ತಿದ. ಹಸಿ ಗಾರೆಯ ಗೋಡೆ ದಡಾರನೆ ಬಿದ್ದೇ ಹೋಯಿತು!

"ನಿಮಗೇನು ತಲೆ ಕೆಟ್ಟಿದೆಯಾ?"

"ಸೊಟ್ಟಗಿತ್ತು."

"ಸೊಟ್ಟಗಿದ್ರೆ ಬಾಯಲ್ಲಿ ಹೇಳ್ಬೇಕು, ಒದೀತಾರಾ? ಇದೇನು ನಿಮ್ಮ ಮನೇನಾ?"

"ನಂದಲ್ಲ. ನಿಮ್ದೂ ಅಲ್ಲ. ಯಾರದೋ ಏನೋ. ಅದಕ್ಕೇ ಒದ್ದೆ."

ಅವಳ ಕಣ್ಣು ತುಂಬಿ ಬಂತು. ಅದನ್ನು ನೋಡಿ ಅವನು ಗಡಿಬಿಡಿಗೊಂಡ. ಕರಣೆ ಕೈಗೆತ್ತಿಕೊಂಡು ಪಕ್ಕದಲ್ಲೇ ಕುಳಿತ. ಸಂಜೆಯೊಳಗೆ ಇಬ್ಬರೂ ಸೇರಿ ಗೋಡೆಯನ್ನು ಮತ್ತೆ ಎಬ್ಬಿಸಿದರು. ಈ ಸಲ ನೆಟ್ಟಗಿತ್ತು.

ಬಾಡಿಗೆ ಮನೆಗಳಲ್ಲೇ ತಲೆ ನರೆಸಿಕೊಂಡವರೆಲ್ಲ ಸೇರಿ ಮಾಡಿಕೊಂಡ ಸಂಘ ಅದು. ಜಾಗ ಸಂಘದ್ದು, ಮಾರುವಂತಿಲ್ಲ. ಕೈಯಲ್ಲಿ ದುಡ್ಡಿಲ್ಲದವರು ಮೈಯ ದುಡಿಮೆಯನ್ನೇ ಪಾಲಾಗಿ ಕೊಡಬೇಕು. ಪ್ರತಿ ಭಾನುವಾರ ಎಲ್ಲರೂ ಎಲ್ಲರ ಮನೆ ಕಟ್ಟುತ್ತಾರೆ. ಯಾವ ಮನೆ ಯಾರಿಗೆ ಎಂಬುದು ಕೊನೆಯಲ್ಲಿ ಚೀಟಿ ಎತ್ತಿದಾಗಲೇ ಗೊತ್ತಾಗುವುದು. ಹಾಗಾಗಿ ಯಾವ ಗೋಡೆಗೂ ಯಾರೂ ಮೋಸ ಮಾಡುವಂತಿರಲಿಲ್ಲ.

ಅವನು ಸಿಟಿ ಬಸ್ ಓಡಿಸುವ ಡ್ರೈವರ್. ಗಂಡ ಬಿಟ್ಟುಹೋದ ಅಕ್ಕ, ಅವಳ ಇಬ್ಬರು ಹೆಣ್ಣುಮಕ್ಕಳು ಅವನ ಮೇಲೇ ಇದ್ದರು. ಇವಳು ಬಟ್ಟೆ ಫ್ಯಾಕ್ಟರಿಯಲ್ಲಿ ಅಂಗಿಗೆ ಕಾಲರ್ ಹೊಲಿಯುವವಳು. ಕಾಲರ್ ಬಿಟ್ಟು ಬೇರೇನೂ ಇಲ್ಲ, ಇಡೀ ದಿನ ಕಾಲರ್, ಕಾಲರ್, ಕಾಲರ್!

"ಅಂದ್ರೆ ಇಡೀ ಅಂಗಿ ಹೊಲಿಯೋಕೇ ಬರಲ್ವಾ?" ಎಂದು ಒಂದು ದಿನ ಅವನು ಕೇಳಿದ.

"ನೀವು ರಸ್ತೆ ಮಾಡಿದ್ದೀರಾ? ಬರೀ ಓಡಿಸೋದು ತಾನೆ?"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವತ್ತಿನಿಂದ ಅವಳ ಹೆಸರು 'ಕಾಲರ್' ಆಯಿತು.

ಸಿಮೆಂಟು ಒಣಗದಂತೆ ಗೋಡೆಗಳಿಗೆ ನೀರು ಹೊಡೆಯುವ ಕೆಲಸ ಅವರಿಬ್ಬರ ಪಾಲಿಗೆ ಬಂತು. ಅವನು ಪೈಪು ಹಿಡಿದರೆ ಇವಳು ನಲ್ಲಿ ತಿರುಗಿಸುವುದು. ಇನ್ನೂ ನೆಲ ಹಾಕದ ಆ ಮನೆಗಳಲ್ಲಿ ಇಬ್ಬರೂ ನಿಂತು, ಇಲ್ಲಿ ಒಲೆ, ಇಲ್ಲಿ ಮಂಚ ಎಂದು ಯಾರದೋ ಸಂಸಾರ ಹೂಡುತ್ತಿದ್ದರು. 'ಯಾರದೋ ಯಾಕೆ... ನಮ್ಮದೇ ಯಾಕಾಗಬಾರದು?' ಎಂದು ಅವಳ ಮನಸ್ಸು ಕೇಳತೊಡಗಿತ್ತು. ಭಾನುವಾರಕ್ಕಾಗಿ ಅವಳು ಉಳಿದ ವಾರವನ್ನೆಲ್ಲ ತಳ್ಳುತ್ತಿದ್ದಳು.

ಅವನ ಬಾಯಿಂದ ಆ ಮಾತು ಬರಲಿ ಎಂದು ಕಾದಳು. ಅವನ ಬಾಯಿಂದ ಬಂದದ್ದೇ ಬೇರೆ.

ಚೀಟಿ ಎತ್ತುವ ದಿನ ಬಯಲಲ್ಲಿ ಎಲ್ಲರೂ ಸೇರಿದ್ದರು. ಸಂಘದ ಅಧ್ಯಕ್ಷೆ ನರ್ಸಮ್ಮ, ನಿವೃತ್ತಿಯಾದ ನರ್ಸು, ಬಾಯಿ ತುಸು ಜೋರು. ಡಬ್ಬಿ ಅಲುಗಾಡಿಸುತ್ತಾ ಇವರಿಬ್ಬರ ಕಡೆ ತಿರುಗಿದರು.

"ಏನಪ್ಪ ಡ್ರೈವರ್, ಏನಮ್ಮ ಕಾಲರ್... ನನಗೂ ಕಣ್ಣಿದೆ. ಈಗಲೇ ಹೇಳಿಬಿಡಿ. ಮದುವೆ ಆಗೋರು ಅಂದ್ರೆ ಒಂದೇ ಚೀಟಿ. ಒಂದು ಸಂಸಾರಕ್ಕೆ ಒಂದೇ ಮನೆ. ಇನ್ನೊಂದು, ಮನೆ ಸಿಗದೆ ಸಾಲಲ್ಲಿ ಕಾಯ್ತಿರೋರಿಗೆ ಹೋಗುತ್ತೆ."

ಅವಳು ಅವನ ಮುಖವನ್ನೇ ನೋಡಿದಳು. 'ಹೇಳು... ಹೇಳಿಬಿಡು...'

"ಎರಡು ಚೀಟಿ ಹಾಕಿ," ಎಂದ ಅವನು, ಅವಳ ಕಡೆ ನೋಡದೆ. "ನಮ್ಮಿಬ್ಬರ ಮಧ್ಯೆ ಏನೂ ಇಲ್ಲ."

ಎಲ್ಲರ ಕಣ್ಣೂ ಅವಳ ಮೇಲೆ. ಅವಳ ಪಕ್ಕದಲ್ಲಿ ಅಪ್ಪ ನಿಂತಿದ್ದರು. ಬದುಕಿಡೀ ಬೇರೆಯವರ ಗೇಟು ಕಾದ ವಾಚ್‌ಮನ್, ತಮ್ಮದೊಂದು ಬಾಗಿಲಿಗಾಗಿ ಕೈ ಮುಗಿದುಕೊಂಡು ನಿಂತಿದ್ದರು.

"ಹೌದು," ಎಂದಳು ಅವಳು. "ಏನೂ ಇಲ್ಲ."

ಇಬ್ಬರಿಗೂ ಮನೆ ಸಿಕ್ಕಿತು. ವಿಧಿಯ ಕುಚೋದ್ಯಕ್ಕೆ ಏನೆನ್ನೋಣ, ಎದುರುಬದುರೇ ಸಿಕ್ಕಿತು!

ಅಪ್ಪ ಬಾಗಿಲು ತೆರೆದರು, ಹಾಕಿದರು, ಮತ್ತೆ ತೆರೆದರು. "ನೋಡು ಮಗಳೇ, ಯಾರಿಗೂ ಸಲಾಮು ಹೊಡೀಬೇಕಿಲ್ಲ!" ಎಂದು ಮಗುವಿನಂತೆ ನಕ್ಕರು. ಅವಳೂ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

'ಅವನಿಗೆ ಮನೆ ಬೇಕಿತ್ತು. ನಾನಲ್ಲ.'

ಹಾಗೆಂದು ಬೈದುಕೊಳ್ಳುವಾಗಲೆಲ್ಲ ಇನ್ನೊಂದು ಮಾತು ಒಳಗಿನಿಂದ ಚುಚ್ಚುತ್ತಿತ್ತು. 'ನೀನೇನು ಕಡಿಮೆ? ನೀನೂ ಅದನ್ನೇ ಹೇಳಲಿಲ್ಲವೇ?'

ಎದುರು ಮನೆಯಲ್ಲಿ ದೀಪ ಹತ್ತುತ್ತಿತ್ತು, ಮಕ್ಕಳ ಗಲಾಟೆ ಕೇಳುತ್ತಿತ್ತು. ಅವನು ಮಾತ್ರ ಕಾಣುತ್ತಿರಲಿಲ್ಲ. 'ಮುಖ ತೋರಿಸೋಕೂ ಬೇಜಾರು ಅವನಿಗೆ' ಎಂದು ಅವಳು ಕಿಟಕಿ ಮುಚ್ಚಿಬಿಟ್ಟಳು.

ಒಂದು ಮಧ್ಯಾಹ್ನ ಅವನ ಅಕ್ಕ ಮಗಳ ಸ್ಕೂಲ್ ಅಂಗಿ ಹಿಡಿದುಕೊಂಡು ಬಂದಳು. ಕಾಲರ್ ಹರಿದಿತ್ತು.

ಮಷೀನು ತುಳಿಯುತ್ತಾ ಇವಳು ತಡೆಯಲಾರದೆ ಕೇಳಿದಳು. "ನಿಮ್ಮ ತಮ್ಮ... ಚೆನ್ನಾಗಿದ್ದಾರಾ?"

ಅಕ್ಕ ಗೋಡೆ ನೋಡುತ್ತಾ ಕುಳಿತಳು. "ಅವನು ಮನೇಲಿ ಮಲಗೋದೇ ಇಲ್ಲ ಕಣಮ್ಮ. ಡಿಪೋದ ಬೆಂಚಿನ ಮೇಲೆ ಮಲಗ್ತಾನೆ. ನಿಮ್ಮ ಕಿಟಕಿ ಎದುರಿಗೇ ಇದೆಯಂತೆ, ನಿದ್ದೆ ಬರಲ್ವಂತೆ."

ಮಷೀನಿನ ಚಕ್ರ ನಿಂತಿತು.

"ಏನೂ ಇಲ್ಲ ಅಂತ ಅವನು ಅಂದಿದ್ದು ನಮಗೋಸ್ಕರ," ಎಂದಳು ಅಕ್ಕ. "ಪಾಲು ಅವನ ಹೆಸರಲ್ಲಿದೆ. ಅವನು ಬಿಟ್ರೆ ಸಂಘಕ್ಕೆ ವಾಪಸ್, ನನ್ನ ಹೆಸರಿಗೆ ಬರಲ್ಲ. ನಾನೇ ಹೊರಟು ಹೋಗ್ತೀನಿ ಕಣೋ ಅಂದೆ. ಎಲ್ಲಿಗೆ ಹೋಗ್ತೀಯ ಅಂದ."

ಇವಳು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

ಕೊನೆಯ ನಿಲ್ದಾಣದಲ್ಲಿ ಬಸ್ಸು ಖಾಲಿ ನಿಂತಿತ್ತು. ಅವನು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದ. ಗಡ್ಡ ಬೆಳೆದಿತ್ತು. ಅವಳು ಹತ್ತಿ ಅವನ ಹಿಂದಿನ ಸೀಟಿನಲ್ಲಿ ಕುಳಿತಳು.

"ಸುಳ್ಳು ಹೇಳೋಕೆ ನಾಚಿಕೆ ಆಗಲಿಲ್ವಾ ನಿಮಗೆ?"

ಅವನು ಬೆಚ್ಚಿ ತಿರುಗಿದ. "ಕಾಲರ್! ನೀನಿಲ್ಲಿ..."

"ಮೊದಲು ಉತ್ತರ."

"ಆಯ್ತು. ತುಂಬಾ ಆಯ್ತು. ನಿಮ್ಮಪ್ಪ ಕೈ ಮುಗಿದುಕೊಂಡು ನಿಂತಿದ್ರು. ಆ ಕಡೆ ನಮ್ಮಕ್ಕ. ಏನು ಹೇಳ್ಬೇಕಿತ್ತು ನಾನು? ನೀನೇ ಹೇಳು, ಏನು ಹೇಳ್ಬೇಕಿತ್ತು?"

"ಎಲ್ಲರೂ ಒಂದೇ ಮನೇಲಿ ಇದ್ರೆ?" ಎಂದಳು ಅವಳು.

"ಎರಡು ಕೋಣೆ. ಅಕ್ಕ, ಮಕ್ಕಳು, ನಿಮ್ಮಪ್ಪ, ನಾವು. ಅಪ್ಪನ್ನ ಎಲ್ಲಿ ಮಲಗಿಸ್ತೀಯ, ಬಾಗಿಲ ಹೊರಗಾ? ಮತ್ತೆ ವಾಚ್‌ಮನ್ ಮಾಡ್ತೀಯಾ ಅವರನ್ನ?"

ಅವಳಿಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಅವನು ಸೀಟು ಬಿಟ್ಟೆದ್ದು ಬಂದು ಅವಳ ಎದುರು ಕುಕ್ಕುರುಗಾಲಿನಲ್ಲಿ ಕುಳಿತ. ಕಣ್ಣೊರೆಸಲು ಕೈ ಚಾಚಿ, ಧೈರ್ಯ ಸಾಲದೆ ಅರ್ಧದಲ್ಲೇ ನಿಲ್ಲಿಸಿದ. ಆ ಕೈಯನ್ನು ಅವಳೇ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

"ಇಷ್ಟ ಇದೆಯಾ ಇಲ್ವಾ? ಅಷ್ಟು ಹೇಳಿ. ಮನೆ ವಿಷಯ ಆಮೇಲೆ."

"ಪ್ರಾಣ ಕಣೇ ನೀನು ನಂಗೆ..."

"ಹಾಗಿದ್ರೆ ಬೆಂಚಿನ ಮೇಲೆ ಮಲಗೋದು ಬಿಡಿ. ಭಾನುವಾರ ನಮ್ಮ ಮನೆಗೆ ಬನ್ನಿ. ಕದ್ದು ಅಲ್ಲ, ಎಲ್ಲರೂ ನೋಡೋ ಹಾಗೆ."

ಅವನು ಬಂದ. ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು, ಬೀದಿ ದಾಟಿ ಅವಳ ಬಾಗಿಲಿಗೆ ಬಂದು ನಿಂತ. ಬೀದಿಗೆ ಬೀದಿಯೇ ಕತ್ತು ಚಾಚಿತು.

ಅದೇ ಹೊತ್ತಿಗೆ ಅಲ್ಲಿ ಹಾದು ಹೋಗುತ್ತಿದ್ದ ನರ್ಸಮ್ಮ ಸುಮ್ಮನಿರುತ್ತಾರೆಯೇ? "ಏನಪ್ಪ ಡ್ರೈವರ್, ಮನೆ ತಪ್ಪಿತಾ? ನಿಂದು ಆ ಕಡೆ!"

ಅವನು ತಲೆ ತಗ್ಗಿಸಿದ. ಅವಳು ಹೊಸಿಲು ದಾಟಿ ಹೊರಗೆ ಬಂದಳು.

"ಇಲ್ಲ ನರ್ಸಮ್ಮ. ಅವತ್ತು ನಾವಿಬ್ರೂ ಸುಳ್ಳು ಹೇಳಿದ್ವಿ. ಇವರು ನನ್ನ ಗಂಡ ಆಗೋರು. ಯಾವಾಗ ಅಂತ ಮಾತ್ರ ಗೊತ್ತಿಲ್ಲ."

ನರ್ಸಮ್ಮನ ಜೋರು ಬಾಯಿ ಮೊದಲ ಸಲ ತಡವರಿಸಿತು.

"ಆ ನಿಯಮ ಮುರಿಯೋಕೆ ನನಗೆ ಕೈ ಬರಲ್ಲಮ್ಮ," ಎಂದರು ಮೆತ್ತಗೆ. "ಸಾಲಲ್ಲಿ ಮುಂದಿರೋಳು ಮಕ್ಕಳನ್ನ ಗ್ಯಾರೇಜಲ್ಲಿ ಮಲಗಿಸ್ತಾಳೆ. ಅವಳಿಗೆ ಏನು ಹೇಳ್ಲಿ?"

"ಮುರೀರಿ ಅಂತ ನಾವು ಕೇಳ್ತಿಲ್ಲ. ಇವರ ಅಕ್ಕನ ಹೆಸರೂ ಸಾಲಿನ ಕೊನೇಲಿ ಸೇರಿಸಿ. ಸಂಘ ಎರಡನೇ ಬೀದಿ ಕಟ್ಟುವಾಗ ಅವರ ಪಾಲಿನ ಕೆಲಸಕ್ಕೆ ನಾನೂ ಕೈ ಹಾಕ್ತೀನಿ. ಅವರಿಗೊಂದು ಮನೆ ಆದ ದಿನ ನಮ್ಮ ಮದುವೆ."

"ಎರಡನೇ ಬೀದಿಗೆ ಜಾಗವೇ ಸಿಕ್ಕಿಲ್ಲ ಕಣೇ. ಅರ್ಜಿ ಹಾಕಿ ಹಾಕಿ ಸಾಕಾಗಿದೆ."

"ಗೊತ್ತು."

ಎದುರು ಬಾಗಿಲಲ್ಲಿ ಅವನ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಒಳಗಿನಿಂದ ಅಪ್ಪ ಬಂದರು. ಮಗಳನ್ನು ನೋಡಿದರು, ಅವನನ್ನು ನೋಡಿದರು. ತಮ್ಮಿಂದಾಗಿ ಮಗಳು ಕಳೆದುಕೊಂಡದ್ದು ಏನು ಎಂಬುದು ಅವರಿಗೆ ಆಗ ಅರ್ಥವಾಯಿತು. ಅವನ ಭುಜದ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದರು.

ಸಂಜೆಯವರೆಗೆ ಅವನು ಇದ್ದ. ಚಹಾ ಕುಡಿದ. ಅಪ್ಪನ ಕಾವಲುಗಾರಿಕೆಯ ಕಥೆಗಳನ್ನೆಲ್ಲ ಕೇಳಿದ. ಕೊನೆಗೆ ಎದ್ದ. ಏಳಲೇಬೇಕಿತ್ತಲ್ಲ.

ಬಾಗಿಲ ತನಕ ಅವಳು ಹಿಂದೆಯೇ ಬಂದಳು.

"ಹೋಗಿ ಬರ್ತೀನಿ," ಎಂದ.

"ಎದುರು ಮನೆಗೆ ತಾನೆ?"

"ಹೂಂ. ಎದುರು ಮನೆಗೆ."

"ಎಷ್ಟು ಹತ್ತಿರ ಇದೆ ಅಲ್ವಾ?" ಎಂದಳು. ಕಣ್ಣು ತುಂಬಿತ್ತು.

ಅವನು ಬೀದಿಯ ಆಚೆ ನೋಡಿದ. ಆಮೇಲೆ ಅವಳನ್ನು ನೋಡಿದ.

"ಕಿಟಕಿ ತೆರೆದಿಟ್ಟಿರು ಕಾಲರ್. ಇವತ್ತಿಂದ ಮನೇಲೇ ಮಲಗ್ತೀನಿ."