ಕಾಮಣಿ ಸೂಜಿಯ ಡಬ್ಬಿ

ಫ್ರಿಜ್ ತೆರೆದ ಡಾಕ್ಟರ್ ವಿಶಾಲ ನಿಂತಲ್ಲೇ ನಿಂತರು. ಲಸಿಕೆಯ ಡಬ್ಬಿ ಇಲ್ಲ! ನಿನ್ನೆ ಸಂಜೆ ಅವರೇ ಕೈಯಾರೆ ನಡುವಿನ ಖಾನೆಯಲ್ಲಿ ಇಟ್ಟಿದ್ದರು.

ಮೂಡಲಗಿಯ ಅವರ ಸ್ವಂತ ಖಾಸಗಿ ಆಸ್ಪತ್ರೆಯಲ್ಲಿ ಅಂದು ಹತ್ತು ಗಂಟೆಗೆ ಸಿಬ್ಬಂದಿಗೆಲ್ಲ ಹೆಪಟೈಟಿಸ್-ಬಿ ಲಸಿಕೆ — ಊರವರ ಬಾಯಲ್ಲಿ ಕಾಮಣಿ ಸೂಜಿ, ಅಂದರೆ ಕಾಮಾಲೆಯ ಸೂಜಿ. ಹಾಕಿಸಿಕೊಳ್ಳದವರಿಗೆ ನಾಳೆಯಿಂದ ಕೆಲಸವಿಲ್ಲ ಎಂಬ ನೋಟೀಸು, ಸಿಬ್ಬಂದಿಯ ಹೆಸರುಗಳ ಪಟ್ಟಿ ಸಮೇತ, ಗೋಡೆಯ ಮೇಲಿತ್ತು.

ಎಲ್ಲರ ಕಣ್ಣೂ ಕಸಗುಡಿಸುವ ಕೆಂಪವ್ವನತ್ತ ಹೊರಳಿದವು. ಒಲ್ಲೆ ಎಂದು ಹಟ ಹಿಡಿದವಳು ಅವಳೊಬ್ಬಳೇ. "ಇರುವಿ ಕಡದಂಗ ಆಗತೈತಿ, ಅಷ್ಟ" ಎಂದು ಡಾಕ್ಟರು ನಿನ್ನೆ ರಮಿಸಿದರೂ ಬಗ್ಗಿರಲಿಲ್ಲ. ಡಾಕ್ಟರನ್ನು ಬಿಟ್ಟರೆ ಫ್ರಿಜ್ ಇದ್ದ ಕೋಣೆಯ ಕೀಲಿ ಇದ್ದದ್ದು ಅವಳ ಬಳಿ, ಮತ್ತೆ ರಾತ್ರಿ ಕಾವಲಿನ ಮುದುಕ ಉದ್ದಪ್ಪನ ಬಳಿ. ಮನೆಗೆ ಹೋಗಿದ್ದ ಉದ್ದಪ್ಪನಿಗೆ ಫೋನು ಮಾಡಿ ಕೇಳಿಯಾಗಿತ್ತು: "ಗೇಟ್ ದಾಟಿ ಒಂದು ಕಡ್ಡೀನೂ ಹೋಗಿಲ್ರಿ!"

"ಕೆಂಪವ್ವಾ, ಡಬ್ಬಿ ಎಲ್ಲೈತಿ?"

"ನಾ ಒಲ್ಲೆ ಅನ್ನೂದಾದ್ರ ಬಾಯಿಲೆ ಅಂತೇನ್ರಿ ಸಾಹೇಬ್ರ. ಕದ್ದು ಅನ್ನಾಂಗಿಲ್ಲ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಪೈಕಿಯಲ್ಲ ಕೆಂಪವ್ವ. ಆದರೂ ಕೆಲಸದ ಚಿಂತೆ ಬಿಡಲಿಲ್ಲ. ಹನ್ನೊಂದು ವರ್ಷದ ಕೆಲಸ. ಕಳ್ಳಿ ಅನ್ನಿಸಿಕೊಂಡು ಹೊರಬಿದ್ದರೆ ಬೇರೆ ಯಾವ ಆಸ್ಪತ್ರೆಯವರು ಒಳಗೆ ಕರೆಯುತ್ತಾರೆ?

ಲಸಿಕೆ ಹಾಕಲು ಹುಕ್ಕೇರಿಯಿಂದ ಬಂದಿದ್ದ ನಿವೃತ್ತ ನರ್ಸ್ ಯಶೋಧರಾ ಕುರ್ಚಿ ಎಳೆದುಕೊಂಡು ಕೂತರು. ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿದವರು. ಅವಸರ ಎಂಬುದೇ ಗೊತ್ತಿಲ್ಲ.

"ಯಾಕ ಒಲ್ಲೆ ಅಂದಿ, ತಂಗಿ?"

"ಕಸದಾಗಿನ ಸೂಜಿ ಎಷ್ಟ ಸಲ ಕೈಗೆ ಚುಚ್ಚೈತ್ರಿ ಅಕ್ಕಾರ, ಹನ್ನೊಂದು ವರ್ಷ ಯಾರೂ ಕೇಳಲಿಲ್ಲ. ಈಗ ಒಮ್ಮೆಲೆ ಕಾಯ್ದೆ! ಅದೂ ನಮಗಷ್ಟ. ಆ ನೋಟೀಸಿನ್ಯಾಗ ಮಾಲಕರ ಹೆಸರು ಎಲ್ಲೈತ್ರಿ?"

ಡಾಕ್ಟರು ಗಡಿಯಾರದತ್ತ ತಿರುಗಿದರು.

"ಅದಿರಲಿ," ಎಂದರು ಯಶೋಧರಾ. "ಮುಂಜಾನೆ ಕಸಾ ಹೊಡಿಯುವಾಗ ಇಲ್ಲಿ ಏನು ಕಂಡಿ?"

"ಏನಿಲ್ರಿ... ಕೈ ತೊಳಿಯೂ ಬೇಸಿನ್ನಿನ್ಯಾಗ ಎರಡು ಬರ್ಫದ ಪ್ಯಾಕೀಟ ಬಿದ್ದಿದ್ದುವು. ಜ್ವರದವರಿಗೆ ತಗದಿರಬೇಕಂತ ಬಿಟ್ಟೆ."

"ಕರೆಂಟ್ ಹೋಗಿತ್ತೇನು?"

"ನಸುಕಿನ್ಯಾಗ ಹೋಗಿ ತಾಸಿನ ಮ್ಯಾಲ ಬಂತಂತ್ರಿ."

ಯಶೋಧರಾ ಡಾಕ್ಟರತ್ತ ತಿರುಗಿದರು. "ಉದ್ದಪ್ಪ ಇಲ್ಲಿ ಬರೂ ಮೊದಲ ಏನು ಮಾಡತಿದ್ದ?"

"ಪೋಲಿಯೊ ಹನಿ ಡಬ್ಬಿ ಸೈಕಲ್ ಮ್ಯಾಲ ಕುಲಗೋಡದ ಕಡೆ ಒಯ್ತಿದ್ದ, ಇಪ್ಪತ್ತು ವರ್ಷ. ಯಾಕ್ರಿ?"

"ಮ್ಯಾಲಿನ ಫ್ರೀಜರ್ ತಗೀರಿ."

"ಅಲ್ಲೆ ಯಾರು ಇಡ್ತಾರ್ರಿ? ಈ ಲಸಿಕಿ ಬರ್ಫ ಆದ್ರ ಕೆಡತೈತಿ!"

"ಅದಕ್ಕ ನೀವು ಯಾರೂ ಅಲ್ಲೆ ನೋಡಿಲ್ಲ."

ಡಾಕ್ಟರು ತೆರೆದರು. ಡಬ್ಬಿ ಅಲ್ಲೇ ಇತ್ತು! ಸೀಸೆಯೊಳಗಿನ ಲಸಿಕೆ ಕಲ್ಲಾಗಿತ್ತು.

"ಕದಿಯಾಕ ಬಂದಾಂವ ಬರ್ಫ ಯಾಕ ಹೊರಗ ತಗದಾನು?" ಎಂದರು ಯಶೋಧರಾ. "ಫ್ರೀಜರಿನ್ಯಾಗ ಜಾಗಾ ಬೇಕಾದಾಂವ ತಗೀತಾನ. ಪೋಲಿಯೊ ಹನಿ ಎಷ್ಟು ಥಂಡಿ ಇದ್ದರ ಅಷ್ಟು ಚಲೋ. ಅದನ್ನ ಕಲತಾಂವ ಉದ್ದಪ್ಪ. ಕರೆಂಟ್ ಹೋತು, ಲಸಿಕಿ ಉಳಸೂಣಂತ ಮ್ಯಾಲ ಇಟ್ಟ. ನೀವು ಹೊರಗ ಯಾರು ಒಯ್ದರಂತ ಕೇಳಿದ್ರಿ, ಒಳಗ ಯಾರು ಮುಟ್ಟಿದರಂತ ಕೇಳಲಿಲ್ಲ."

ಮತ್ತೆ ಫೋನು ಮಾಡಿದರು.

"ಹೌದ್ರಿ, ನಾನ ಇಟ್ಟೇನಿ! ಕೆಟ್ಟಿಲ್ಲಲ್ರಿ?" ಹೆಮ್ಮೆಯಿಂದ ಕೂಗಿದ ಉದ್ದಪ್ಪ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಪುಣ್ಯಾತ್ಮ! ಅವನನ್ನು ಬೈಯಲು ಯಾರಿಗೂ ಮನಸ್ಸು ಬರಲಿಲ್ಲ.

"ತಪ್ಪಾತು, ಕೆಂಪವ್ವಾ," ಎಂದರು ಡಾಕ್ಟರು. ಹನ್ನೊಂದು ವರ್ಷದಲ್ಲಿ ಇಂಥ ಮಾತು ಕೇಳಿದ್ದು ಇದೇ ಮೊದಲು. ಕೆಂಪವ್ವನಿಗೆ ಹೊಟ್ಟೆ ತುಂಬ ಉಂಡಷ್ಟು ಸಂತೋಷವಾಯಿತು.

ಮಧ್ಯಾಹ್ನ ಗೋಕಾಕದಿಂದ ಹೊಸ ಡಬ್ಬಿ ಬಂತು. ಅಷ್ಟರಲ್ಲಿ ನೋಟೀಸಿನ ಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆದ ಹೊಸ ಹೆಸರೊಂದು ಸೇರಿತ್ತು — ವಿಶಾಲ. ಕಾಲೇಜಿನಲ್ಲಿ ಒಂದು ಡೋಸು ಹಾಕಿಸಿಕೊಂಡು, ಉಳಿದದ್ದನ್ನು ನಾಳೆ ನಾಡಿದ್ದು ಎನ್ನುತ್ತ ಬಂದಿದ್ದರಂತೆ ಡಾಕ್ಟರು!

ಯಶೋಧರಾ ಸೂಜಿ ಎತ್ತಿದ ಕೂಡಲೇ ಡಾಕ್ಟರು ಕಣ್ಣು ಬಿಗಿಯಾಗಿ ಮುಚ್ಚಿದರು. ಆಗಲೇ ಕುಬಸದ ತೋಳು ಮೇಲೇರಿಸಿ ಪಾಳಿಗೆ ನಿಂತಿದ್ದ ಕೆಂಪವ್ವ ಅವರ ಇನ್ನೊಂದು ಕೈ ಹಿಡಿದುಕೊಂಡಳು.

"ಅಂಜಬ್ಯಾಡ್ರಿ ಸಾಹೇಬ್ರ. ಇರುವಿ ಕಡದಂಗ ಆಗತೈತಿ, ಅಷ್ಟ."